ಕ್ಲೆಪ್ ಎಜುಕೇಶನಲ್ ಸೈಕಾಲಜಿ ಎರಡನೇ ಸಲ ಬರೆಯುತ್ತಿದ್ದೇನೆ, ಹೇಗೆ ಓದಲಿ?

ಪ್ರಶ್ನೆ:
ಕ್ಲೆಪ್ ಅಂದರೆ ತರಗತಿಗೆ ಹೋಗದೆಯೇ ಕಾಲೇಜಿನ ಕ್ರೆಡಿಟ್ ಪಡೆಯಲು ಬರೆಯುವ ಅಮೆರಿಕದ ಪರೀಕ್ಷೆ. ಹೋದ ಸಲ 46 ಬಂತು. ನಮ್ಮ ಕಾಲೇಜಿನಲ್ಲಿ 3 ಕ್ರೆಡಿಟ್ ಸಿಗಬೇಕಾದರೆ 50 ಬೇಕು. ಮತ್ತೆ ಬರೆಯಲು ಮೂರು ತಿಂಗಳು ಕಾಯಬೇಕು, ಅದು ಮುಗಿಯಲು ಇನ್ನು ಐದು ವಾರ ಇದೆ. ಪುಸ್ತಕ ಎರಡು ಸಲ ಓದಿದ್ದೆ, ಮಕ್ಕಳ ಯೋಚನಾಶಕ್ತಿ ಬೆಳೆಯುವ ಬಗ್ಗೆ ಮನೋವಿಜ್ಞಾನಿ ಪಿಯಾಜೆ ಹೇಳಿದ ನಾಲ್ಕೂ ಹಂತ ಬಾಯಿಪಾಠ. ಆದರೂ ಪರೀಕ್ಷೆಯಲ್ಲಿ ಎರಡೆರಡು ಉತ್ತರ ಸರಿ ಅನ್ನಿಸುತ್ತಿತ್ತು. ಜಾಸ್ತಿ ಗೊಂದಲ ಆಗಿದ್ದು ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್‌ನಲ್ಲಿ.

ಉತ್ತರ 1:
ನಾನೂ ಬಾಯಿಪಾಠ ಮಾಡಿಕೊಂಡು ಹೋಗಿ ಮೊದಲ ಸಲ ಫೇಲಾದವಳು. ಪರೀಕ್ಷೆಯಲ್ಲಿ ಯಾವುದೋ ತರಗತಿಯಲ್ಲಿ ನಡೆದ ಒಂದು ಸಂಗತಿ ಹೇಳಿ, ಇದು ಯಾವುದು ಅಂತ ಕೇಳುತ್ತಾರೆ. ಬರೀ ವ್ಯಾಖ್ಯೆ ಸಾಲದು.

'ನೆಗೆಟಿವ್' ಅಂದ ಕೂಡಲೇ ಕೆಟ್ಟದ್ದು ಅಂತ ತಿಳಿಯುತ್ತೇವೆ, ಅಲ್ವಾ? ಅಲ್ಲೇ ತಪ್ಪುವುದು. ಇಲ್ಲಿ ಅದರ ಅರ್ಥ 'ತೆಗೆಯುವುದು' ಅಷ್ಟೇ. ರೀಇನ್‌ಫೋರ್ಸ್‌ಮೆಂಟ್ ಅಂದರೆ ಒಂದು ನಡವಳಿಕೆ ಹೆಚ್ಚಾಗುವಂತೆ ಮಾಡುವುದು. ವಾರವಿಡೀ ಕೆಲಸ ಮುಗಿಸಿದವರಿಗೆ ಶುಕ್ರವಾರ ಹೋಮ್‌ವರ್ಕ್ ಇಲ್ಲ ಅಂದರು, ಮಕ್ಕಳು ಇನ್ನೂ ಚೆನ್ನಾಗಿ ಕೆಲಸ ಮಾಡಿದರು: ರೀಇನ್‌ಫೋರ್ಸ್‌ಮೆಂಟ್. ಗಲಾಟೆ ಮಾಡಿದ್ದಕ್ಕೆ ಆಟದ ಹೊತ್ತು ಕಿತ್ತುಕೊಂಡರು, ಗಲಾಟೆ ನಿಂತಿತು: ಶಿಕ್ಷೆ. ಎರಡರಲ್ಲೂ ಏನೋ ಒಂದನ್ನು ತೆಗೆದಿದ್ದಾರೆ. ಹಾಗಾಗಿ ಮೊದಲು ನೋಡಬೇಕಾದ್ದು ಆ ನಡವಳಿಕೆ ಹೆಚ್ಚಾಯಿತೋ ಕಡಿಮೆಯಾಯಿತೋ ಅಂತ.

ಪಿಯಾಜೆ ನನಗೆ ಅರ್ಥವಾಗಿದ್ದು ಅಡುಗೆಮನೆಯಲ್ಲಿ. ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ನೀರು ಹಾಕಿದೆ. ನಾಲ್ಕು ವರ್ಷದ ಮಗಳು ಎರಡೂ ಒಂದೇ ಅಂದಳು. ಅವಳ ಕಣ್ಣೆದುರೇ ಒಂದರ ನೀರನ್ನು ಉದ್ದನೆಯ ಗ್ಲಾಸಿಗೆ ಸುರಿದೆ. ಬೆರಳಿಟ್ಟು ತೋರಿಸಿ "ಇದರಲ್ಲೇ ಜಾಸ್ತಿ" ಅಂದಳು. ವಾಪಸ್ ಸುರಿದರೆ ಮತ್ತೆ "ಒಂದೇ"! ಪಾತ್ರೆಯ ಆಕಾರ ಬದಲಾದರೂ ನೀರು ಅಷ್ಟೇ ಇರುತ್ತದೆ ಅಂತ ಇನ್ನೂ ತಿಳಿಯದ ಈ ಪ್ರೀಆಪರೇಶನಲ್ ಹಂತ ನನಗೆ ಆಮೇಲೆ ಮರೆತೇ ಇಲ್ಲ.

ಉತ್ತರ 2:
ವೈಯಕ್ತಿಕ ಭಿನ್ನತೆಗಳ ಭಾಗ ಬಿಡಬೇಡಿ, ಅತಿ ಹೆಚ್ಚು ಪ್ರಶ್ನೆ ಬರುವುದು ಅದರಿಂದಲೇ. ಟೆಸ್ಟಿಂಗ್‌ನಲ್ಲಿ ರಿಲಯಬಿಲಿಟಿ (ಪ್ರತಿ ಸಲ ಒಂದೇ ಥರ ಫಲಿತಾಂಶ ಬರುವುದು), ವ್ಯಾಲಿಡಿಟಿ (ಅಳೆಯಬೇಕಾದ್ದನ್ನೇ ಅಳೆಯುವುದು) ಬೇರೆ ಬೇರೆ ಅಂತ ಗಟ್ಟಿ ಮಾಡಿಕೊಳ್ಳಿ. ಗಣಿತ ಟೆಸ್ಟ್‌ನ ಲೆಕ್ಕಗಳೆಲ್ಲ ಅರ್ಧ ಪುಟದ ಕಥೆಗಳಾಗಿದ್ದರೆ ಅದು ಅಳೆಯುವುದು ಓದುವ ಶಕ್ತಿಯನ್ನು. ಪ್ರತಿ ಸಲ ಅದೇ ಅಂಕ ಬಂದರೂ ಗಣಿತಕ್ಕೆ ಅದು ವ್ಯಾಲಿಡ್ ಅಲ್ಲ.

ಉತ್ತರ 3:
90 ನಿಮಿಷದಲ್ಲಿ ಸುಮಾರು 100 ಪ್ರಶ್ನೆ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಒಂದು ಉದಾಹರಣೆ ನಾನೇ ಮಾಡಿದೆ, ನೋಡಿ. ಹುಡುಗ ಗಲಾಟೆ ಮಾಡುತ್ತಾನೆ, ಟೀಚರ್ ಹೊರಗೆ ಕಳಿಸುತ್ತಾರೆ. ಅವನಿಗೆ ಪಾಠ ತಪ್ಪಿತು ಅಂತ ಖುಷಿ, ಮರುದಿನ ಇನ್ನೂ ಗಲಾಟೆ. ಇದು ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್ ತಾನೇ?

ಉತ್ತರ 1:
ಹೌದು, ಸರಿಯಾಗಿ ಹಿಡಿದಿದ್ದೀರಿ. ಟೀಚರ್ ಕೊಟ್ಟಿದ್ದು ಶಿಕ್ಷೆ ಅಂತಲೇ, ಆದರೆ ಗಲಾಟೆ ಹೆಚ್ಚಾಯಿತಲ್ಲ. ಇಂಥವನ್ನೇ ದಿನಕ್ಕೆ ಐದು ಬರೆಯಿರಿ.