ಮಗಳನ್ನು ಹಾಸ್ಟೆಲ್ ಶಾಲೆಗೆ ಕಳಿಸಲಾ, ಬೇಡವಾ?

ಮೂಡಿಗೆರೆ ಕಡೆಯವನು:
ನಮ್ಮದು ಕಾಫಿ ತೋಟದ ಲೈನ್ ಮನೆ. ಪರಿಶಿಷ್ಟ ಜಾತಿಯವರು. ಅಜ್ಜನ ಕಾಲದಿಂದ ಇದೇ ಕೂಲಿ. ಮಗಳು ಐದನೇ ಕ್ಲಾಸು, ಚೆನ್ನಾಗಿ ಓದುತ್ತಾಳೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಪರೀಕ್ಷೆ ಬರೆಸಿ ಅಂತ ಮೇಷ್ಟ್ರು ಹೇಳುತ್ತಿದ್ದಾರೆ. ಹೆಂಡತಿ ಒಪ್ಪುತ್ತಿಲ್ಲ. ಹತ್ತು ವರ್ಷದ ಮಗುವನ್ನು ಅಷ್ಟು ದೂರ ಬಿಡುವುದು ಸರಿಯಾ? ಅನುಭವ ಇದ್ದವರು ಹೇಳಿ.

ಸಕಲೇಶಪುರದ ಟೀಚರ್:
ಕಳಿಸಿ ಅಣ್ಣ. ನಾನೂ ಲೈನ್ ಮನೆಯಲ್ಲೇ ಹುಟ್ಟಿದವಳು, ಹಾಸ್ಟೆಲಿನಲ್ಲಿ ಓದಿದವಳು.

ನಮ್ಮಪ್ಪ ಹೆಬ್ಬೆಟ್ಟು. ಶನಿವಾರ ಬಟವಾಡೆ. ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕ ತಿರುಗಿಸಿ ಇಡುತ್ತಿದ್ದರು, ಅಪ್ಪ ಒತ್ತುತ್ತಿದ್ದರು, ಅಷ್ಟೇ. ಏಳನೇ ಕ್ಲಾಸಿನ ದಸರಾ ರಜೆಯಲ್ಲಿ ನಾನೂ ಜೊತೆಗೆ ಹೋದೆ. ಸುಮ್ನೆ ಪುಸ್ತಕ ಇಣುಕಿ ನೋಡಿದೆ. ಅಡ್ವಾನ್ಸ್ ಅಂತ ಒಂದೇ ಐನೂರು ರೂಪಾಯಿಯನ್ನು ಎರಡು ಸಲ ಮುರಿದುಕೊಂಡಿದ್ದರು. ಗಟ್ಟಿಯಾಗಿ ಓದಿಬಿಟ್ಟೆ. ರೈಟರ್ ಒಂದು ಗೀಟು ಹೊಡೆದು, ಮಾತಾಡದೆ ದುಡ್ಡು ಕೊಟ್ಟರು. ದಾರಿಯುದ್ದಕ್ಕೂ ಅಪ್ಪ ಉಸಿರೆತ್ತಲಿಲ್ಲ. ರಾತ್ರಿ ನನ್ನ ಸ್ಲೇಟು ತಂದು ಮುಂದಿಟ್ಟು, 'ನನ್ನ ಹೆಸರು ಬರೆದು ತೋರಿಸು' ಅಂದರು. ಆಮೇಲೆ ಅವರು ಎಲ್ಲೂ ಹೆಬ್ಬೆಟ್ಟು ಒತ್ತಲಿಲ್ಲ.

ಮೊದಲ ತಿಂಗಳು ಮಗು ಅಳುತ್ತದೆ, ಸುಳ್ಳು ಹೇಳಲ್ಲ. ನಾನು ಅಮ್ಮನ ಹಳೆ ಸೀರೆ ಹೊದ್ದು ಮಲಗುತ್ತಿದ್ದೆ. ನೀವೂ ಒಂದು ಸೀರೆ ಕಳಿಸಿ.

ಬೇಲೂರಿನವ:
ಅಂಬೇಡ್ಕರ್ ಅವರು ಸಾತಾರಾದ ಶಾಲೆಗೆ ಕೂರಲು ಗೋಣಿಚೀಲ ಮನೆಯಿಂದ ಒಯ್ಯುತ್ತಿದ್ದರು. ನಲ್ಲಿ ಮುಟ್ಟುವಂತಿರಲಿಲ್ಲ. ಜವಾನ ನೀರು ಕೊಟ್ಟರೆ ಉಂಟು, ಇಲ್ಲವಾದರೆ ಬಾಯಾರಿಕೆ. ಅದೇ ಹುಡುಗ 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಪ್ರತಿಭೆ ಮೊದಲೇ ಇತ್ತು. ಆ ಸಹಾಯವೂ ಸಿಕ್ಕಿತು ಅಲ್ವಾ? ನಿಮ್ಮ ಮಗಳಿಗೆ ಆರರಿಂದ ಹತ್ತರವರೆಗೆ ಊಟ, ಬಟ್ಟೆ, ಪುಸ್ತಕ ಎಲ್ಲ ಸರ್ಕಾರದ್ದು. ಅದು ಅವಳ ಹಕ್ಕು, ಯಾರ ಉಪಕಾರವೂ ಅಲ್ಲ.

ಜಾತಿ, ಆದಾಯ ಪ್ರಮಾಣಪತ್ರಕ್ಕೆ ಈಗಲೇ ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಆಧಾರ್ ಮತ್ತು ಶಾಲೆ ದಾಖಲೆಯಲ್ಲಿ ಹೆಸರಿನ ಅಕ್ಷರ ಒಂದೇ ಥರ ಇದೆಯಾ ನೋಡಿ. ಜಾಸ್ತಿ ಜನರಿಗೆ ತೊಂದರೆ ಆಗುವುದು ಅಲ್ಲೇ.

ಮೂಡಿಗೆರೆ ಕಡೆಯವನು:
ಟೀಚರ್ ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ. ಎರಡನೇ ಸಲ ಓದಿಸಿಕೊಂಡಳು. ನಾಳೆ ಕೆಲಸಕ್ಕೆ ರಜೆ ಹಾಕಿ ನಾಡಕಚೇರಿಗೆ ಹೋಗುತ್ತೇವೆ. ಅವಳದು ಒಂದೇ ಪ್ರಶ್ನೆ: ಹಾಸ್ಟೆಲಿಗೆ ಹೋಗಿ ಮಗಳನ್ನು ನೋಡಲು ಭಾನುವಾರ ಬಿಡುತ್ತಾರಾ?

ಸಕಲೇಶಪುರದ ಟೀಚರ್:
ನಮ್ಮಲ್ಲಿ ಬಿಡುತ್ತಿದ್ದರು. ಸೇರಿಸುವ ದಿನವೇ ಅಲ್ಲಿ ಕೇಳಿಕೊಳ್ಳಿ. ಅಮ್ಮ ಬರುವಾಗ ಅಕ್ಕಿ ರೊಟ್ಟಿ ಜಾಸ್ತಿ ತರಲಿ, ಪಕ್ಕದ ಮಕ್ಕಳಿಗೂ ಬೇಕಾಗುತ್ತದೆ.