14 ಸಾವಿರದ ಗಾಡಿಗೆ 10 ಸಾವಿರ ದಂಡ: ಕುಡಿದು ಓಡಿಸಿದ ಎಲ್ಲರಿಗೂ ಒಂದೇ ಮೊತ್ತ, ಇದು ನ್ಯಾಯವಾ?

ವೈರಿಂಗ್ ಮೇಸ್ತ್ರಿ (ಪ್ರಶ್ನೆ)

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಕುಡಿದಿದ್ದೆ, ಗಾಡಿ ಓಡಿಸಿದೆ, ಸಿಕ್ಕಿಬಿದ್ದೆ. ಬೈಯುವವರು ಬೈದು ಮುಗಿಸಿ, ಆಮೇಲೆ ಪ್ರಶ್ನೆಗೆ ಬನ್ನಿ.

ಹೋದ ಭಾನುವಾರ ಗುಬ್ಬಿ ಕಡೆ ಚಿಕ್ಕಪ್ಪನ ಮಗಳ ಬೀಗರೂಟ. ಬೀಗರೂಟ ಅಂದ ಮೇಲೆ ಗೊತ್ತಲ್ಲ. ಮುಂದೆ ಶಾಮಿಯಾನದಲ್ಲಿ ಮುದ್ದೆ, ಮಟನ್ ಸಾರು. ಹಿಂದೆ ತೆಂಗಿನ ತೋಟದಲ್ಲಿ ಇನ್ನೊಂದು ಪಂಕ್ತಿ. ನಾನು ಎರಡು ನೈಂಟಿ ಹಾಕಿದೆ. ಮೂರೂವರೆಗೆ ಕೊನೆಯದು. ಆಮೇಲೆ ಹೊಟ್ಟೆ ತುಂಬಾ ಊಟ, ಚಾಪೆ ಮೇಲೆ ಒಂದು ನಿದ್ದೆ. ಎದ್ದು ಮುಖ ತೊಳೆದೆ, ಕಾಫಿ ಕುಡಿದೆ. ಎಂಟಕ್ಕೆ ತುಮಕೂರಿನ ಕಡೆ ಹೊರಟೆ. ತಲೆ ನೆಟ್ಟಗಿತ್ತು, ಕಾಲು ನೆಟ್ಟಗಿತ್ತು. ಇಳಿದುಹೋಗಿದೆ ಅಂತಲೇ ಅಂದುಕೊಂಡಿದ್ದೆ.

ಊರು ಸೇರುವ ಹತ್ತಿರ ಬ್ಯಾರಿಕೇಡ್. ಕವರ್ ಬಿಚ್ಚಿ ಹೊಸ ಸ್ಟ್ರಾ ಹಾಕಿದರು. ಊದಿ ಅಂದರು, ಊದಿದೆ. 61 ಬಂತು. ನನ್ನ ಹಿಂದೆಯೇ ಒಂದು ದೊಡ್ಡ ಬಿಳಿ ಕಾರು. ಆತನದ್ದು 118. ಇಬ್ಬರಿಗೂ ಒಂದೇ ಥರದ ಚೀಟಿ, ಕೋರ್ಟಿಗೆ ಹೋಗಿ 10 ಸಾವಿರ ಕಟ್ಟಬೇಕು ಅಂದರು. ಗಾಡಿಗಳನ್ನೂ ಇಟ್ಟುಕೊಂಡರು. ಆತ ಕ್ಯಾಬ್ ಕರೆಸಿಕೊಂಡು ಹೋದ. ನಾನು ನಾಲ್ಕು ಕಿಲೋಮೀಟರ್ ನಡೆದೆ.

ನಂದು ಟಿವಿಎಸ್ ಎಕ್ಸೆಲ್, ಸೆಕೆಂಡ್ ಹ್ಯಾಂಡ್. 14 ಸಾವಿರಕ್ಕೆ ತಗೊಂಡಿದ್ದು. ಕೂಲಿ ದಿನಕ್ಕೆ 900, ತಿಂಗಳಿಗೆ 20 ದಿನ ಕೆಲಸ ಸಿಕ್ಕರೆ ಹೆಚ್ಚು. ಅಂದರೆ ದಂಡ ಕಟ್ಟಲು ಹನ್ನೊಂದು ದಿನದ ಕೂಲಿ. ಆ ಕಾರಿನವನಿಗೆ ಅದು ಒಂದು ಟೈರಿನ ದುಡ್ಡು. ಲೈಸೆನ್ಸ್ ಬೇರೆ ಮೂರು ತಿಂಗಳು ಹೋಗುತ್ತದಂತೆ. ಡ್ರಿಲ್ ಮಷಿನ್, ವೈರ್ ಸುತ್ತು, ಪೈಪ್ ಎಲ್ಲ ಆ ಎಕ್ಸೆಲ್ ಮೇಲೇ ಹೋಗಬೇಕು. ತಲೆ ಮೇಲೆ ಹೊರಲಾ?

ಶಿಕ್ಷೆ ಬೇಡ ಅಂತಿಲ್ಲ. ಇಬ್ಬರಿಗೂ ಒಂದೇ ಮೊತ್ತ ಅಂದರೆ ಇಬ್ಬರಿಗೂ ಒಂದೇ ಶಿಕ್ಷೆ ಆಯಿತಾ?

---

ಕೋರ್ಟ್ ಗುಮಾಸ್ತ

ಮೇಸ್ತ್ರಿಗಳೇ, ನಿಮ್ಮ ಹೊಟ್ಟೆಯುರಿಗೆ ಕಾರಣ ಕಾನೂನಿನ ಒಂದು ಪದದಲ್ಲಿದೆ. ಮೋಟಾರು ವಾಹನ ಕಾಯ್ದೆ 185ನೇ ಕಲಂ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಕೇಸು. ನಿಮ್ಮ 61, ಆತನ 118 ಎಲ್ಲ ಇದೇ ಲೆಕ್ಕದ್ದು. ಮೊದಲು "2,000 ರೂಪಾಯಿವರೆಗೆ" ದಂಡ ಅಂತಿತ್ತು. ಮ್ಯಾಜಿಸ್ಟ್ರೇಟ್ ಎದುರಿಗೆ ನಿಂತವನ ಮುಖ, ಬಟ್ಟೆ ನೋಡಿ ಐನೂರೂ ಹಾಕಬಹುದಿತ್ತು, ಸಾವಿರವೂ ಹಾಕಬಹುದಿತ್ತು. 2019ರ ಸೆಪ್ಟೆಂಬರ್ 1ರಿಂದ ತಿದ್ದುಪಡಿ ಬಂತು. ಮೊತ್ತ 10,000 ಆಯಿತು, ಜೊತೆಗೆ ಆ "ವರೆಗೆ" ಅನ್ನುವುದು ಹೋಯಿತು. ಈಗ ಆರು ತಿಂಗಳವರೆಗೆ ಜೈಲು, ಅಥವಾ 10 ಸಾವಿರ ದಂಡ, ಅಥವಾ ಎರಡೂ. ಜೈಲಿಗೆ "ವರೆಗೆ" ಇದೆ, ದಂಡಕ್ಕೆ ಇಲ್ಲ. ಎರಡನೇ ಸಲ ಸಿಕ್ಕರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 15 ಸಾವಿರ, ಅಥವಾ ಎರಡೂ.

ಆಗ ಹೆಲ್ಮೆಟ್ ಥರದ ದಂಡಗಳನ್ನು ನಮ್ಮ ರಾಜ್ಯ ಇಳಿಸಿತು, ನೆನಪಿರಬಹುದು. ಇದನ್ನು ಹಾಗೆ ಇಳಿಸಲು ಬರುವುದಿಲ್ಲ. ರಸ್ತೆಯಲ್ಲೇ ಕಟ್ಟಿ ಮುಗಿಸುವ ಕೇಸುಗಳ ಪಟ್ಟಿಯಲ್ಲಿ ಇದು ಇಲ್ಲ, ಕೋರ್ಟಿಗೇ ಬರಬೇಕು.

ಇನ್ನೊಂದು. 31 ಬಂದರೂ ಅದೇ ಕಲಂ, 310 ಬಂದರೂ ಅದೇ ಕಲಂ. ನನಗೆ ಕೇಳಿದರೆ ಬಡವ ಶ್ರೀಮಂತ ಅನ್ನುವುದಕ್ಕಿಂತ ಇದೇ ದೊಡ್ಡ ಲೋಪ. ಲೈಸೆನ್ಸ್ ಮೂರು ತಿಂಗಳು ಅಮಾನತು ಅನ್ನುವುದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲಿ ರಾಜ್ಯಗಳಿಗೆ ಹೇಳಿದ್ದು. ಅದು ಕನಿಷ್ಠ.

---

ತಿಪಟೂರು ಕಾಯಿ

ಬೀಗರೂಟಕ್ಕೆ ಬಸ್ಸಲ್ಲಿ ಹೋಗಬಾರದಿತ್ತಾ ಅಣ್ಣ?

---

ವೈರಿಂಗ್ ಮೇಸ್ತ್ರಿ

ಆ ಊರಿನ ಕೊನೇ ಬಸ್ಸು ಆರೂವರೆಗೆ. ಆಗ ನಾನು ಚಾಪೆ ಮೇಲಿದ್ದೆ.

---

ನೈಟ್ ಶಿಫ್ಟ್ ಲ್ಯಾಬ್

ನಾನು ಆಸ್ಪತ್ರೆ ಲ್ಯಾಬಲ್ಲಿ ಕೆಲಸ ಮಾಡುವವಳು. ನ್ಯಾಯದ ಮಾತು ನೀವೇ ಆಡಿಕೊಳ್ಳಿ. "ಇಳಿದುಹೋಗಿದೆ ಅಂದುಕೊಂಡಿದ್ದೆ" ಅಂದಿರಲ್ಲ, ಅದಕ್ಕೆ ಮಾತ್ರ ಬರೆಯುತ್ತೇನೆ.

ಎರಡು ನೈಂಟಿ ಅಂದರೆ 180 ಮಿಲಿ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್ಮಿನಲ್ಲಿ ಸಾಮಾನ್ಯವಾಗಿ 42.8% ಆಲ್ಕೋಹಾಲ್. ತೂಕದಲ್ಲಿ ಸುಮಾರು 60 ಗ್ರಾಂ ಆಯಿತು. 65 ಕಿಲೋ ತೂಗುವ ಗಂಡಸಿನ ರಕ್ತದಲ್ಲಿ ಅದು 130ರ ಆಸುಪಾಸು ಏರುತ್ತದೆ. ಊಟದ ಜೊತೆ ಆದರೆ ಸ್ವಲ್ಪ ಕಮ್ಮಿ. ಲಿವರ್ ಅದನ್ನು ಗಂಟೆಗೆ ಸುಮಾರು 15ರಂತೆ ಇಳಿಸುತ್ತದೆ. ಅದಕ್ಕೆ ಆತುರ ಇಲ್ಲ. ಮೂರೂವರೆಯಿಂದ ಎಂಟೂವರೆಗೆ ಐದು ಗಂಟೆ, 75 ಹೋಯಿತು. ಉಳಿದದ್ದು ಎಷ್ಟು? ನಿಮ್ಮ 61 ಸರಿಯಾಗಿಯೇ ಇದೆ, ಮಷಿನ್ ಮೇಲೆ ಅನುಮಾನ ಬೇಡ. 30ಕ್ಕೆ ಇಳಿಯಲು ಇನ್ನೂ ಎರಡು ಗಂಟೆ ಬೇಕಿತ್ತು.

ಕಾಫಿ, ನಿಂಬೆಹಣ್ಣು, ಮಜ್ಜಿಗೆ, ತಣ್ಣೀರು ಸ್ನಾನ, ಯಾವುದೂ ಆ 15ನ್ನು 20 ಮಾಡುವುದಿಲ್ಲ. ಕಾಫಿಯಿಂದ ನಿದ್ದೆ ಹೋಗುತ್ತದೆ, ಅಷ್ಟೇ. ರಾತ್ರಿ ಹನ್ನೆರಡರ ತನಕ ನಾಲ್ಕು ನೈಂಟಿ ಹಾಕಿ ಬೆಳಗ್ಗೆ ಏಳಕ್ಕೆ ಸ್ಕೂಲ್ ವ್ಯಾನ್ ತೆಗೆಯುವವನು "ನಿನ್ನೆ ಕುಡಿದದ್ದು" ಅನ್ನುತ್ತಾನೆ. ಅವನ ರಕ್ತಕ್ಕೆ ನಿನ್ನೆ ಇವತ್ತು ಗೊತ್ತಿಲ್ಲ.

---

ವೈರಿಂಗ್ ಮೇಸ್ತ್ರಿ

ಮೇಡಂ, ಈ ಲೆಕ್ಕ ಇಷ್ಟು ವರ್ಷದಲ್ಲಿ ಒಬ್ಬರೂ ಹೇಳಿರಲಿಲ್ಲ. ವೈನ್ ಶಾಪಿನ ಗೋಡೆ ಮೇಲೆ ಬರೆಸಬೇಕು ಇದನ್ನ. ಬಾಟಲಿ ಮೇಲೆ ಆರೋಗ್ಯಕ್ಕೆ ಹಾನಿಕರ ಅಂತ ಬರೆದಿರುತ್ತದೆ, ಎಷ್ಟು ಹೊತ್ತು ಅಂತ ಬರೆದಿರುವುದಿಲ್ಲ.

---

ಹಾಲಿನ ಕ್ಯಾನ್

ಮೇಸ್ತ್ರಿ ಅಣ್ಣ, ಸಿಟ್ಟು ಮಾಡಿಕೊಳ್ಳಬೇಡಿ. ನನ್ನ ಅಪ್ಪನಿಗೆ ಗುದ್ದಿದ್ದು ದೊಡ್ಡ ಬಿಳಿ ಕಾರಲ್ಲ. ಎಕ್ಸೆಲ್.

2021. ಸಂಜೆ ಡೈರಿಗೆ ಹಾಲು ಹಾಕಲು ರಸ್ತೆ ಪಕ್ಕ ನಡೆದು ಹೋಗುತ್ತಿದ್ದರು. ಕುಡಿದವನು ಹಿಂದಿನಿಂದ ಬಂದು ಗುದ್ದಿದ. ಸೊಂಟದ ಹತ್ತಿರ ತೊಡೆ ಮೂಳೆ ಮುರಿಯಿತು, ರಾಡ್ ಹಾಕಿದ್ದಾರೆ. ಈಗಲೂ ಕೆಳಗೆ ಕೂರಲು ಆಗುವುದಿಲ್ಲ, ಹಾಲು ಕರೆಯುವುದು ನಾನೇ. ಆ ಕ್ಯಾನು ಚಪ್ಪಟೆಯಾಗಿ ಕೊಟ್ಟಿಗೆಯಲ್ಲಿದೆ. ಅಪ್ಪ ಗುಜರಿಗೆ ಹಾಕಲು ಬಿಡಲ್ಲ.

ಗುದ್ದಿದವನೂ ಕೂಲಿಯವನೇ. ಪಾಪ ಅನ್ನಿಸುತ್ತದೆ, ಸುಳ್ಳು ಹೇಳಲ್ಲ. ಕೋರ್ಟಲ್ಲಿ 10 ಸಾವಿರ ಕಟ್ಟಿದ. ಅದು ಸರ್ಕಾರಕ್ಕೆ ಹೋಯಿತು. ಅಪ್ಪನಿಗೆ ಅದರಲ್ಲಿ ಒಂದು ರೂಪಾಯಿ ಬರಲಿಲ್ಲ. ಪರಿಹಾರದ ಕೇಸಲ್ಲಿ ನಮ್ಮ ಪರ ಆರ್ಡರ್ ಆಯಿತು. ಆದರೆ ಅವನ ಗಾಡಿಗೆ ಇನ್ಶೂರೆನ್ಸ್ ಇರಲಿಲ್ಲ. ಇದ್ದಿದ್ದರೆ ಅವನು ಕುಡಿದಿದ್ದರೂ ಕಂಪನಿ ಮೊದಲು ನಮಗೆ ಕೊಟ್ಟು ಆಮೇಲೆ ಅವನಿಂದ ವಸೂಲಿ ಮಾಡಿಕೊಳ್ಳುವ ದಾರಿ ಇರುತ್ತಿತ್ತಂತೆ, ವಕೀಲರು ಹೇಳಿದರು. ಈಗ ಅವನು ಕೈಲಾದಾಗ ಸಾವಿರ, ಸಾವಿರದೈನೂರು ತಂದುಕೊಡುತ್ತಾನೆ. ಕೆಲವು ತಿಂಗಳು ಅದೂ ಇಲ್ಲ.

ಕುಡಿದು ಓಡಿಸಿದರೆ 10 ಸಾವಿರ, ಇನ್ಶೂರೆನ್ಸ್ ಇಲ್ಲದೆ ಓಡಿಸಿದರೆ ಮೊದಲ ಸಲ ಬರೀ 2 ಸಾವಿರ. ನಮ್ಮ ಮನೆಗೆ ಯಾವುದು ಜಾಸ್ತಿ ಹೊಡೆತ ಕೊಟ್ಟಿತು ಅಂತ ಕೇಳಿದರೆ ಎರಡನೆಯದು ಅನ್ನುತ್ತೇನೆ. ನಿಮ್ಮ ಗಾಡಿಗೆ ಇದೆಯಾ?

---

ಎಸ್ಪೋ ಕನ್ನಡಿಗ

ಮೇಸ್ತ್ರಿಗಳು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟ ದೇಶದಲ್ಲಿ ಇದ್ದೇನೆ, ಅದಕ್ಕೇ ಎರಡು ಸಾಲು. ಫಿನ್ಲೆಂಡಿನಲ್ಲಿ ಇಂಥ ತಪ್ಪಿಗೆ ದಂಡ ರೂಪಾಯಿ ಲೆಕ್ಕದಲ್ಲಿಲ್ಲ, ದಿನದ ಲೆಕ್ಕದಲ್ಲಿದೆ. ತೆರಿಗೆ ಕಳೆದ ತಿಂಗಳ ಆದಾಯದಲ್ಲಿ 255 ಯೂರೋ ಬಿಟ್ಟು, ಉಳಿದದ್ದನ್ನು 60ರಿಂದ ಭಾಗಿಸುತ್ತಾರೆ. ಅದು ಒಂದು ದಿನದ ದಂಡ. ಇಷ್ಟು ಕುಡಿದರೆ ಇಷ್ಟು ದಿನ. ಒಂದೇ ತಪ್ಪಿಗೆ ಕ್ಲೀನಿಂಗ್ ಕೆಲಸದವನಿಗೂ ಕಂಪನಿ ಮಾಲೀಕನಿಗೂ ದಿನಗಳು ಒಂದೇ, ಹಣ ಬೇರೆ.

ಆದರೆ ಇಲ್ಲಿ ಎಲ್ಲರ ಆದಾಯ ತೆರಿಗೆ ಇಲಾಖೆಗೆ ಗೊತ್ತಿರುತ್ತದೆ. ನಮ್ಮೂರಲ್ಲಿ ತೋಟ, ಬಡ್ಡಿ ವ್ಯವಹಾರ, ಬಾಡಿಗೆ ಎಲ್ಲ ಇರುವವನ ಆದಾಯ ಕಾಗದದ ಮೇಲೆ ಎಷ್ಟಿರುತ್ತದೆ? ಕೊನೆಗೆ ಸಂಬಳದ ಚೀಟಿ ಇರುವ ಮೇಷ್ಟ್ರೇ ಎಲ್ಲರಿಗಿಂತ ಜಾಸ್ತಿ ಕಟ್ಟಬೇಕಾದೀತು.

---

ವೈರಿಂಗ್ ಮೇಸ್ತ್ರಿ

ಕೋರ್ಟು ಮುಗಿಯಿತು. ಹೇಳುತ್ತೇನೆ ಅಂದಿದ್ದೆನೋ ಇಲ್ಲವೋ, ಹೇಳಿಬಿಡುತ್ತೇನೆ.

ಸಾಲಾಗಿ ಹನ್ನೆರಡು ಜನ ನಿಂತಿದ್ದೆವು. ತಪ್ಪು ಒಪ್ಪಿಕೊಳ್ಳುತ್ತೀರಾ ಅಂತ ಕೇಳಿದರು. ಒಪ್ಪಿಕೊಳ್ಳುತ್ತೇನೆ ಸ್ವಾಮಿ ಅಂದೆ. ಒಂದು ನಿಮಿಷವೂ ಆಗಲಿಲ್ಲ. ನನ್ನ ಹಿಂದೆ ಮುಂದೆ ಇದ್ದವರೆಲ್ಲ ನನ್ನ ಥರದವರೇ, ಒಬ್ಬನ ಕೈಗೆ ಸಿಮೆಂಟು ಹಾಗೇ ಮೆತ್ತಿಕೊಂಡಿತ್ತು. ಕಾರಿನವನು ಅವತ್ತು ಕಾಣಲಿಲ್ಲ.

10 ಸಾವಿರ ಎಲ್ಲಿಂದ ಬಂತು ಅಂದರೆ, ಹೆಂಡತಿ ಅವಳ ಸಂಘದಲ್ಲಿ ಸಾಲ ತೆಗೆದಳು. ವಾರಕ್ಕೆ 250, ಬಡ್ಡಿ ಬೇರೆ. ಮುಂದಿನ ನಲವತ್ತು ವಾರ ಸೋಮವಾರದ ಮೀಟಿಂಗಿಗೆ ಅವಳು ಹೋಗಿ ಕೂರಬೇಕು. ಅವಳು ಜೀವನದಲ್ಲಿ ಒಂದು ತೊಟ್ಟು ಕುಡಿದವಳಲ್ಲ. ಗುಮಾಸ್ತರು ಹೇಳಿದ ಆ "ವರೆಗೆ" ಇದ್ದಿದ್ದರೆ ಅಂತ ನನಗೆ ಈಗಲೂ ಅನ್ನಿಸುತ್ತದೆ. ಲೈಸೆನ್ಸ್ ವಿಷಯದಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡಿದ್ದೇನೆ. ಮೂರು ತಿಂಗಳು ನನಗೂ ಮೂರು ತಿಂಗಳೇ, ಕಾರಿನವನಿಗೂ ಮೂರು ತಿಂಗಳೇ. ಆದರೆ ಅವನಿಗೆ ಡ್ರೈವರ್ ಇಟ್ಟುಕೊಳ್ಳಬಹುದು ಅಂತ ನನ್ನ ಹೆಲ್ಪರ್ ಹುಡುಗ ಜ್ಞಾಪಿಸಿದ. ನಿಜವೇ. ಸದ್ಯಕ್ಕೆ ಆ ಹುಡುಗನೇ ನನ್ನ ಡ್ರೈವರ್. ಅವನಿಗೆ ಲೈಸೆನ್ಸ್ ಇದೆ, ನಾನು ಹಿಂದೆ ಪೈಪ್ ಹಿಡಿದು ಕೂರುತ್ತೇನೆ.

ಹಾಲಿನ ಕ್ಯಾನ್ ತಂಗಿ, ಗಾಡಿ ಬಿಡಿಸುವಾಗ ಕಾಗದ ತೆಗೆದು ನೋಡಿದೆ. ಇನ್ಶೂರೆನ್ಸ್ ಮಾರ್ಚಿನಲ್ಲೇ ಮುಗಿದಿತ್ತು. ಅಂದರೆ ಆ ರಾತ್ರಿ ಇರಲಿಲ್ಲ. ಬೇರೆಯವರಿಗೆ ಆಗುವ ಹಾನಿಗೆ ಅಂತ ಇರುವುದನ್ನು ಅವತ್ತೇ ಮಾಡಿಸಿದೆ, ಸಾವಿರದೊಳಗೇ ಆಯಿತು. ಅಪ್ಪನಿಗೆ ನಮಸ್ಕಾರ ಹೇಳು.

ಗಾಡಿಯ ಸೈಡ್ ಬ್ಯಾಗಲ್ಲಿ ಬೀಗರೂಟದ ತಾಂಬೂಲದ ಕವರ್ ಹಾಗೇ ಇತ್ತು. ಬಾಳೆಹಣ್ಣು ಕಪ್ಪಾಗಿ ಇರುವೆ ಮುತ್ತಿತ್ತು. ಕಾಯಿ ಚೆನ್ನಾಗಿತ್ತು, ಸಾರಿಗೆ ಹಾಕಿದೆವು.