ಸಹಾಯ ಬೇಕು: 4-3-3ರಲ್ಲಿ ಎಡ ವಿಂಗರ್, ಎಡ ಮಿಡ್‌ಫೀಲ್ಡರ್ ಒಂದೇ ಜಾಗಕ್ಕೆ ನುಗ್ಗುತ್ತಾರೆ

ಎಲ್ಲರಿಗೂ ನಮಸ್ಕಾರ. ನಮ್ಮ ಫುಟ್‌ಬಾಲ್ ತಂಡದ್ದು 4-3-3 (ನಾಲ್ಕು ಡಿಫೆಂಡರ್, ಮೂವರು ಮಿಡ್‌ಫೀಲ್ಡರ್, ಮೂವರು ಫಾರ್ವರ್ಡ್): ನಡುವಿನ ಮೂವರಲ್ಲಿ ಹಿಂದೆ ಡಿಫೆನ್ಸ್ ಕಾಯುವ ಒಬ್ಬ ಪಿವಟ್, ಮುಂದೆ ದಾಳಿಗೂ ಓಡುವ ಇಬ್ಬರು 8ನೇ ನಂಬರ್. ಬಲಗಡೆ ತೊಂದರೆಯಿಲ್ಲ, ಅಲ್ಲಿನ ವಿಂಗರ್ (ಅಂಚಿನ ಫಾರ್ವರ್ಡ್) ಮೈದಾನದ ಪಕ್ಕದ ಗೆರೆ ಬಿಟ್ಟು ಬರುವುದಿಲ್ಲ. ಎಡ ವಿಂಗರ್ ಬಲಗಾಲಿನವನು, ಚೆಂಡು ಸಿಕ್ಕ ತಕ್ಷಣ ಒಳಗೆ ತಿರುಗುತ್ತಾನೆ. ಅದೇ ಹೊತ್ತಿಗೆ ಎಡ 8 ಕೂಡ ಎದುರಾಳಿಯ ಸೆಂಟರ್ ಬ್ಯಾಕ್ ಮತ್ತು ಬಲ ಬ್ಯಾಕ್ ನಡುವಿನ ಸಂದಿಗೆ ಓಡುತ್ತಾನೆ. ಇಬ್ಬರನ್ನೂ ಒಬ್ಬನೇ ಡಿಫೆಂಡರ್ ನೋಡಿಕೊಂಡರೆ ಸಾಕು, ಎಡ ಅಂಚು ಪೂರ್ತಿ ಖಾಲಿ.

ಅಗಲಕ್ಕಾಗಿ ಎಡ ಬ್ಯಾಕ್‌ನನ್ನು ಮೇಲೆ ಕಳಿಸಿದೆವು. ಕ್ರಾಸ್ (ಅಂಚಿನಿಂದ ಗೋಲಿನ ಮುಂದಕ್ಕೆ ಪಾಸ್) ಬಂದವು, ಆದರೆ ಚೆಂಡು ಕಳೆದರೆ ಅವನ ಹಿಂದಿನ ಜಾಗಕ್ಕೂ ನಡುವಿಗೂ ಪಿವಟ್ ಒಬ್ಬನೇ. ಸ್ಟ್ರೈಕರ್‌ನನ್ನು ಫಾಲ್ಸ್ ನೈನ್ ಆಗಿ, ಅಂದರೆ ಮುಂದೆ ನಿಲ್ಲದೆ ಮಿಡ್‌ಫೀಲ್ಡ್‌ ಕಡೆ ಬರುವಂತೆ, ಕೆಳಗಿಳಿಸಿದ್ದೂ ಫಲಿಸಲಿಲ್ಲ. 2009ರ ಮೇ 2ರಂದು ಬಾರ್ಸಿಲೋನಾ ರಿಯಲ್ ಮ್ಯಾಡ್ರಿಡ್ ವಿರುದ್ಧ 6-2ರಿಂದ ಗೆದ್ದಾಗ ಮೆಸ್ಸಿ ಕೆಳಗಿಳಿದರೆ ಆನ್ರಿ, ಎಟೋ ಡಿಫೆನ್ಸ್ ಬೆನ್ನ ಹಿಂದೆ ಓಡುತ್ತಿದ್ದರು. ನಮ್ಮಲ್ಲಿ ಆ ಓಟವೇ ಇಲ್ಲ, ಹಾಗಾಗಿ ಎದುರಾಳಿ ಸಾಲು ನಿರ್ಭಯವಾಗಿ ಮುಂದೆ ಬರುತ್ತದೆ.

ಈಗ ಉಳಿದಿರುವುದು ಎರಡು ದಾರಿ. ಎಡ 8ನ್ನು ಪಿವಟ್ ಪಕ್ಕಕ್ಕೆ ಇಳಿಸಿ 4-2-3-1 ಮಾಡುವುದು; ಆಗ ಎಡ ಬ್ಯಾಕ್ ಧೈರ್ಯವಾಗಿ ಮೇಲೇರಬಹುದು. ಇಲ್ಲವೇ ಎಡ ಬ್ಯಾಕ್‌ನನ್ನೇ ಪಿವಟ್ ಪಕ್ಕಕ್ಕೆ ತಂದು, ದಾಳಿಯಲ್ಲಿ 3-2-5 (ಹಿಂದೆ ಮೂವರು, ನಡುವೆ ಇಬ್ಬರು, ಮುಂದೆ ಐವರು) ಆಗಿ, ವಿಂಗರ್‌ನನ್ನು ಗೆರೆಗೆ ಅಂಟಿಸುವುದು. ನನಗೆ ಮೊದಲನೆಯದೇ ಸರಿ ಅನಿಸುತ್ತದೆ, ಆದರೆ ಬಾಕ್ಸ್‌ಗೆ ತಡವಾಗಿ ನುಗ್ಗುವ ಒಬ್ಬ ಆಟಗಾರ ಕಡಿಮೆಯಾಗುತ್ತಾನೆ. ಆ ಓಟವನ್ನು 10ನೇ ನಂಬರ್‌ಗೆ (4-2-3-1ರಲ್ಲಿ ಸ್ಟ್ರೈಕರ್ ಹಿಂದೆ ಆಡುವವನಿಗೆ) ಒಪ್ಪಿಸಬೇಕೇ, ಬಲ ವಿಂಗರ್‌ಗೇ? ಅಭ್ಯಾಸದಲ್ಲಿ ಇದನ್ನು ಕಲಿಸುವ ಡ್ರಿಲ್ ಗೊತ್ತಿದ್ದರೆ, ಎಷ್ಟು ಜನ, ಎಷ್ಟು ಅಗಲದ ಮೈದಾನ ಎಂಬುದರ ಸಮೇತ ದಯವಿಟ್ಟು ತಿಳಿಸಿ.